ಅದೇ ವಚನದಲ್ಲಿ ನಡಿಗೆಯೂ ಇದೆ

ಓದುಗರ ಪತ್ರ: ನಾಲ್ಕು ತಿಂಗಳಿಂದ ಓಡುತ್ತಿದ್ದೇನೆ. ಎರಡನೇ ಕಿಲೋಮೀಟರ್ ಮುಗಿಯುವ ಮೊದಲೇ ಏದುಸಿರು, ಆಮೇಲೆ ನಡಿಗೆ. ಜೊತೆಯವರು ನಗುತ್ತಾರೆ. ‘ಓಡಿ ದಣಿಯರು’ ಎಂಬ ಬೈಬಲಿನ ಪ್ರವಾದಿ ಯೆಶಾಯನ ಮಾತು ಹೇಳಿಕೊಂಡೇ ಹೊರಡುತ್ತೇನೆ, ಆದರೂ ದಣಿಯುತ್ತೇನೆ. ನನ್ನ ನಂಬಿಕೆ ಸಾಲದಾ? ಸ್ಕಾಟ್ಲೆಂಡಿನ ಭಕ್ತ ಓಟಗಾರ ಎರಿಕ್ ಲಿಡೆಲ್ ಅಂಥವರಿಗೆ ಹೇಗೆ ಆಯಿತು? ಇನ್ನೊಂದು, ನಮ್ಮ ಓಟದ ಗುಂಪು ಸೇರುವುದು ಭಾನುವಾರ ಬೆಳಿಗ್ಗೆ. ಹೋಗಬಹುದಾ?

ಸಂಪಾದಕರ ಉತ್ತರ: ನಿಮ್ಮ ನಂಬಿಕೆಯನ್ನು ಅಳೆಯುವುದಕ್ಕೆ ನಾನ್ಯಾರು? ನಿಮ್ಮ ವೇಗ ಜಾಸ್ತಿಯಾಯಿತು ಅಂತ ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಹೊಸಬರೆಲ್ಲ ಮಾಡುವ ತಪ್ಪು ಇದು. ನಾನೂ ಮಾಡಿದ್ದೇನೆ. ನನ್ನ ಮೊದಲ ಹತ್ತು ಕಿಲೋಮೀಟರ್ ಓಟದಲ್ಲಿ ಎಲ್ಲರ ಜೊತೆ ನುಗ್ಗಿದೆ. ಏಳನೆಯದರಲ್ಲಿ ಕಾಲು ಸೋತಿತು. ನಡೆಯುವುದಕ್ಕೆ ನಾಚಿಕೆ. ಕೆಳಗೆ ಕೂತು, ಬಿಗಿಯಾಗೇ ಇದ್ದ ಶೂ ಲೇಸನ್ನು ಬಿಚ್ಚಿ ಕಟ್ಟಿದೆ. ಎರಡು ಸಲ! ಹಿಂದಿನಿಂದ ಬಂದ ಹೆಂಗಸೊಬ್ಬರು ನಿಂತು, “ನಾನೂ ನಡೀತಿದ್ದೀನಿ, ಬನ್ನಿ” ಅಂದರು. ಅಷ್ಟೇ. “ನಿಮ್ಮಿಂದ ಆಗುತ್ತೆ, ಓಡಿ” ಅಂದಿದ್ದರೆ ನಾನು ಮೂರನೇ ಸಲ ಲೇಸು ಬಿಚ್ಚುತ್ತಿದ್ದೆ. ನಗುವವರನ್ನು ಬಿಡಿ, ನಿಮ್ಮ ವೇಗಕ್ಕೆ ಇಳಿದು ಜೊತೆ ಬರುವ ಒಬ್ಬರನ್ನು ಹುಡುಕಿಕೊಳ್ಳಿ.

ಈಗ ಮಾಡಬೇಕಾದದ್ದು. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಹೀಗೆ ಎಂಟು ಸಲ, ಒಟ್ಟು 24 ನಿಮಿಷ. ವಾರಕ್ಕೆ ಮೂರು ದಿನ ಸಾಕು. ಅದು ಸಲೀಸಾದ ಮೇಲೆ ಓಟದ ನಿಮಿಷಗಳನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ವೇಗ ಸರಿಯಿದೆಯಾ ಅಂತ ತಿಳಿಯಲು ವಾಚ್ ಬೇಡ. ಓಡುತ್ತಲೇ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯನ್ನು ಬಾಯಿಬಿಟ್ಟು ಹೇಳಿ. ಒಂದೊಂದು ಸಾಲೂ ತಡವರಿಸದೆ ಬಂದರೆ ಸರಿ. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ನಿಧಾನ ಮಾಡಿ. ಹೀಗೆ ಆರಾಮಾಗಿ ಓಡುವಾಗಲೇ ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುವುದು, ದಮ್ಮು ಬೆಳೆಯುವುದು. ಹೃದಯ ಕೆಲವು ವಾರಗಳಲ್ಲೇ ಪಳಗುತ್ತದೆ. ಮೂಳೆಗೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಉಸಿರು ಸಿಗುತ್ತಿದೆ ಅಂತ ಕಾಲಿನ ಮೇಲೆ ಸವಾರಿ ಮಾಡಬೇಡಿ. ಎದೆನೋವು, ತಲೆಸುತ್ತು ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ ಡಾಕ್ಟರನ್ನು ಕಾಣಿ.

ಇನ್ನು ಯೆಶಾಯ 40:31. ನೀವು ಅರ್ಧಕ್ಕೇ ನಿಲ್ಲಿಸಿದ್ದೀರಿ! ‘ಓಡಿ ದಣಿಯರು’ ಆದ ಕೂಡಲೇ ‘ನಡೆದು ಬಳಲರು’ ಅಂತಲೂ ಇದೆ, ಅಲ್ವಾ? ಪ್ರವಾದಿ ಎಲೀಯನನ್ನೂ ನೆನಪಿಸಿಕೊಳ್ಳಿ. ರಾಜ ಅಹಾಬನ ರಥಕ್ಕಿಂತ ಮುಂದೆ ಇಜ್ರೇಲ್ ಊರಿನವರೆಗೆ ಓಡಿದವನು. ಮುಂದಿನ ಅಧ್ಯಾಯದಲ್ಲೇ ಗಿಡದ ಕೆಳಗೆ ಕುಸಿದು, ಸಾವು ಬರಲಿ ಅನ್ನುತ್ತಾನೆ. ದೇವದೂತ ಬಂದು ನಂಬಿಕೆಯ ಬಗ್ಗೆ ಪಾಠ ಹೇಳಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಎಬ್ಬಿಸಿ, ಪ್ರಯಾಣ ದೊಡ್ಡದಿದೆ, ತಿನ್ನು ಅಂದ. ಊಟ, ನಿದ್ದೆ ಬಿಟ್ಟು ಓಡುವವರಿಗೆ ನಾನು ಓದಿ ಹೇಳುವುದು ಈ ಭಾಗವನ್ನೇ.

ಲಿಡೆಲ್ ವಿಷಯ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಹೀಟ್ಸ್, ಅಂದರೆ ಆರಂಭದ ಸುತ್ತುಗಳು, ಭಾನುವಾರ ಬಿದ್ದವು. ಅದು ಆರಾಧನೆಯ ದಿನ ಅಂತ ಆತ ಒಲ್ಲೆ ಅಂದು 400 ಮೀಟರ್ ಓಡಿ, 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ. ಈ ಕಥೆ ಹೇಳುವವರು ಒಂದನ್ನು ಮರೆಯುತ್ತಾರೆ. ವೇಳಾಪಟ್ಟಿ ಆತನಿಗೆ ತಿಂಗಳುಗಳ ಮೊದಲೇ ಗೊತ್ತಿತ್ತು. ಆ ತಿಂಗಳುಗಳನ್ನೆಲ್ಲ 400 ಮೀಟರ್ ಅಭ್ಯಾಸಕ್ಕೇ ಸುರಿದ. ಪ್ರಾರ್ಥಿಸಿ ಮರುದಿನ ಸುಮ್ನೆ ಹೋಗಿ ಗೆದ್ದವನಲ್ಲ.

ಭಾನುವಾರದ ಪ್ರಶ್ನೆ ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ಆರಾಧನೆ ಮುಗಿಸಿ ಸಂಜೆ ಓಡುವ ಭಕ್ತರೂ ಇದ್ದಾರೆ, ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಹೇಗೂ ವಾರದಲ್ಲಿ ಕಾಲಿಗೆ ರಜೆ ಬೇಕೇ ಬೇಕು. ನಾನಂತೂ ಆ ದಿನ ಶೂ ಮುಟ್ಟುವುದಿಲ್ಲ.