ಹಳದಿ ಬಾಲ ಗಂಡಿನದು

ಪ್ರಿಯರೇ,

ನೀವು ಕಳಿಸಿದ 'ಕೆರೆಯಂಚಿನ ಹಳದಿ ಚೆಲುವೆ' ಲೇಖನ ಓದಿದೆ. ಭಾಷೆ ಸರಾಗವಾಗಿದೆ. ಕೊರಮಂಡಲ್ ಮಾರ್ಷ್ ಡಾರ್ಟ್ ಎಂಬ, ಏರೋಪ್ಲೇನ್ ಚಿಟ್ಟೆಯ ಸಪೂರ ಮೈಯ ಸಂಬಂಧಿಯಾದ ಈ ಡ್ಯಾಮ್ಸೆಲ್‌ಫ್ಲೈಗೆ 1798ರಲ್ಲಿ ಕೀಟತಜ್ಞ ಫ್ಯಾಬ್ರಿಸಿಯಸ್ ವೈಜ್ಞಾನಿಕ ಹೆಸರಿಟ್ಟದ್ದನ್ನೂ ಸರಿಯಾಗಿ ಬರೆದಿದ್ದೀರಿ. ಆದರೆ ಎರಡನೇ ಪ್ಯಾರಾ ಓದುವಾಗ ನನಗೆ ನಿಜಕ್ಕೂ ಸಿಟ್ಟು ಬಂತು.

"ರೆಕ್ಕೆ ಅಗಲಿಸಿ ಕೂತ ಆ ಹಳದಿ ಚೆಲುವೆ ಮಕರಂದ ಹೀರುತ್ತಿದ್ದಳು."

ರೆಕ್ಕೆ ಅಗಲಿಸಿ ಕೂರುವುದು ಏರೋಪ್ಲೇನ್ ಚಿಟ್ಟೆ. ಈ ಮಾರ್ಷ್ ಡಾರ್ಟ್ ಕೂತ ಕೂಡಲೇ ರೆಕ್ಕೆಗಳನ್ನು ಬೆನ್ನ ಮೇಲೆ ಮಡಚಿಕೊಳ್ಳುತ್ತದೆ. ಮಕರಂದ ಇದಕ್ಕೆ ಬೇಡ. ಸೊಳ್ಳೆಯಂಥ ಸಣ್ಣ ಹುಳ ಹಿಡಿದು ಅಗಿದು ತಿನ್ನುತ್ತದೆ. ಇನ್ನು 'ಚೆಲುವೆ'. ಬಾಲದ ಹಾಗೆ ಕಾಣುವ ಆ ಉದ್ದ ಹೊಟ್ಟೆ ಅಚ್ಚ ಹಳದಿ ಇರುವುದು ಗಂಡಿಗೆ. ಹೆಣ್ಣು ಮಂಕು ಕಂದು, ಹುಲ್ಲಲ್ಲಿ ಕೂತರೆ ಕಣ್ಣಿಗೇ ಬೀಳುವುದಿಲ್ಲ. ತಲೆಬರಹವೇ ತಪ್ಪಾಯಿತಲ್ವಾ?

ಮುಂದಿನ ಸಾಲು: "ಪ್ರಕೃತಿಮಾತೆಯ ಮಡಿಲಲ್ಲಿ, ನೀರಿನ ಬಳಿ ಇದರ ವಾಸ." ಯಾವ ನೀರು? ನಿಂತ ನೀರು, ಅದರಲ್ಲಿ ಜೊಂಡು, ತಾವರೆ ಎಲೆ, ದಡದಲ್ಲಿ ಹುಲ್ಲು. ಕೆರೆ, ಹೊಂಡ, ಭತ್ತದ ಗದ್ದೆ ಅಂತ ಬರೆದಿದ್ದರೆ ನನಗೆ ಜಾಗ ಕಾಣುತ್ತಿತ್ತು. ಗಿಡ ಯಾಕೆ ಬೇಕು ಅಂದರೆ, ಹೆಣ್ಣು ಮೊಟ್ಟೆ ಇಡುವುದು ಎಲೆ, ದಂಟುಗಳ ಒಳಗೆ. ಕೆರೆ ಸ್ವಚ್ಛ ಮಾಡುತ್ತೇವೆಂದು ಜೊಂಡು ಕಿತ್ತು ಸುತ್ತ ಕಲ್ಲು ಕಟ್ಟಿದರೆ ಅದು ಎಲ್ಲಿಗೆ ಹೋಗಬೇಕು? ಮಡಿಲು ಅಂದರೆ ಇದ್ಯಾವುದೂ ಓದುಗರಿಗೆ ಗೊತ್ತಾಗುವುದಿಲ್ಲ.

ನನ್ನ ಮೊದಲ ಲೇಖನದಲ್ಲೂ "ಹುಲ್ಲಿನ ಮೇಲೆ ಕೀಟವೊಂದು" ಎಂದಿತ್ತು. ನಮ್ಮ ಹಿರಿಯ ಸಂಪಾದಕರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ "ಯಾವ ಹುಲ್ಲು? ಯಾವ ಕೀಟ?" ಅಂತ ಬರೆದು ವಾಪಸ್ ಕೊಟ್ಟರು. ಅವಮಾನವಾಗಿ ರಾತ್ರಿ ಊಟ ಸೇರಲಿಲ್ಲ. ಆ ಭಾನುವಾರ ಅಜ್ಜಿ ಮನೆ ಗದ್ದೆಯ ಬದುವಿನ ಮೇಲೆ ಮಧ್ಯಾಹ್ನದವರೆಗೂ ಕೂತೆ. ನೀರಲ್ಲಿ ತೇಲುವ ಎಲೆಯ ಮೇಲೆ ಇದೇ ಜಾತಿಯ ಒಂದು ಜೋಡಿ. ಗಂಡು ಬಾಲದ ತುದಿಯಿಂದ ಹೆಣ್ಣಿನ ಕುತ್ತಿಗೆಯ ಹಿಂದೆ ಹಿಡಿದು, ಹಳದಿ ಕಡ್ಡಿ ನೆಟ್ಟ ಹಾಗೆ ನೆಟ್ಟಗೆ ನಿಂತಿತ್ತು. ಹೆಣ್ಣು ಹೊಟ್ಟೆ ಬಾಗಿಸಿ ಎಲೆಯೊಳಗೆ ಒಂದೊಂದೇ ಮೊಟ್ಟೆ ಇಳಿಸುತ್ತಿತ್ತು. ನಾನು ಮಿಸುಕಾಡಲಿಲ್ಲ.

ನಿಮ್ಮ ಕೆರೆಗೆ ಮತ್ತೆ ಹೋಗಿ. ಫೋನ್ ಜೇಬಲ್ಲೇ ಇರಲಿ, ಸುಮ್ನೆ ಕೂತು ನೋಡಿ. ಎರಡನೇ ಪ್ಯಾರಾ ಹೊಸದಾಗಿ ಬರೆದು ಕಳಿಸಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ಎರಡು ಪುಟ ತೆಗೆದಿಟ್ಟಿದ್ದೇನೆ.

ನಿಮ್ಮ,
ಸಂಪಾದಕ