ಹಳೆ ಮ್ಯಾನೇಜರಿಗೆ ಹೊಸ ಕೆಲಸ ಕೊಡುವ ಮುಂಚೆ

ಪ್ರಶ್ನೆ: ಮ್ಯಾನೇಜರ್ ಕುರ್ಚಿಯ ದಿಕ್ಕು ಬದಲಿಸಿದರೆ ವ್ಯಾಪಾರ ಸರಿಹೋಗುತ್ತದೆ ಎಂದು ವಾಸ್ತುವಿನವರು ಹೇಳಿದ್ದಾರೆ. ಹೌದಾ? (ಚಿತ್ರದುರ್ಗ)

ಇಲ್ಲ. ವಾಸ್ತುವಿಗೆ ಹಾಕುವ ದುಡ್ಡಲ್ಲಿ ಮ್ಯಾನೇಜರಿಗೆ ಟ್ಯಾಲಿ (ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್) ಕಲಿಸಿ.

ಪ್ರಶ್ನೆ: ನಮ್ಮದು ಪಶು ಆಹಾರದ ಮಿಲ್. ಈಗ ಹರಿಹರದಲ್ಲೂ ಒಂದು ಶುರುವಾಗಿದೆ. ಅಪ್ಪನ ಕಾಲದಿಂದ 22 ವರ್ಷ ದುಡಿದ ಮ್ಯಾನೇಜರ್ ಬಹಳ ನಂಬಿಕಸ್ಥರು. ಆದರೆ ಎರಡೂ ಮಿಲ್ಲಿನ ಲೆಕ್ಕ ಅವರ ಕೈಲಿ ಆಗುತ್ತಿಲ್ಲ. ಬೇಜಾರಾಗದ ಹಾಗೆ ಬೇರೆ ಕೆಲಸಕ್ಕೆ ಹಾಕುವುದು ಹೇಗೆ? (ದಾವಣಗೆರೆ)

ಬೇಜಾರು ಆಗಿಯೇ ಆಗುತ್ತದೆ. ಅದನ್ನು ತಪ್ಪಿಸಲು ಹೋಗಿಯೇ ಎಲ್ಲರೂ ಕೆಡಿಸಿಕೊಳ್ಳುತ್ತಾರೆ. ಸದ್ದಿಲ್ಲದೆ ಹೊಸಬರನ್ನು ತಂದು ಕೂರಿಸಿ, ಹಳಬರಿಗೆ ‘ಸಲಹೆಗಾರರು’ ಅಂತ ಹೆಸರು ಕೊಟ್ಟು, ಒಂದೊಂದೇ ಫೈಲು ಆಚೆ ಸರಿಸುತ್ತಾರೆ. ಕೊನೆಗೆ ಅವರಿಗೆ ವಿಷಯ ತಿಳಿಯುವುದು ಹಮಾಲರ ಬಾಯಿಂದ. ನಾನು ಲೆಕ್ಕ ನೋಡುವ ಒಂದು ಮಿಲ್ಲಿನಲ್ಲಿ ಹೀಗೇ ಆಯಿತು. ಆ ಹಿರಿಯರು ಕೀಲಿ ಗೊಂಚಲು ಮೇಜಿನ ಮೇಲಿಟ್ಟು ಹೊರಟೇಬಿಟ್ಟರು. ಅವರ ಮುಖ ನೋಡಿ ಮಾಲು ಹಾಕುತ್ತಿದ್ದ ರೈತರೂ ದಲಾಲರೂ ಅವರ ಹಿಂದೆಯೇ ಹೋದರು. ಅದನ್ನು ಕಂಡ ಮೇಲೆ ಈ ವಿಷಯಕ್ಕೆ ನಾನು ಸ್ವಲ್ಪ ಜಾಸ್ತಿಯೇ ಹೆದರುತ್ತೇನೆ.

ಹೊಸಬರನ್ನು ಹುಡುಕುವ ಮುಂಚೆ ನೀವೇ ಅವರ ಮನೆಗೆ ಹೋಗಿ. ಮಗನನ್ನೋ ಡ್ರೈವರನ್ನೋ ಕಳಿಸಬೇಡಿ. ‘ಅಣ್ಣಾ, ಬ್ಯಾಂಕಿಗೆ ಕೊಡೋ ದಾಸ್ತಾನಿನ ಲೆಕ್ಕ, ಎರಡು ಮಿಲ್ಲಿನ ಲೆಕ್ಕ ಇನ್ನು ಬೇರೆಯವರು ನೋಡ್ತಾರೆ. ಖರೀದಿ ಪೂರ್ತಿ ನಿಮ್ಮದು’ ಎಂದು ನೇರ ಹೇಳಿ.

ಖರೀದಿ ಯಾಕೆ ಅಂದರೆ, 22 ವರ್ಷ ಮೆಕ್ಕೆಜೋಳ ಹಿಡಿದ ಕೈ ಅದು. ತೇವ ಶೇ 14 ದಾಟಿದ ಜೋಳ ಚೀಲದಲ್ಲೇ ಬೂಸ್ಟು ಹಿಡಿಯುತ್ತದೆ, ಆ ಬೂಸ್ಟಿನ ವಿಷ ಹಸುವಿನ ಹಾಲಿಗೂ ಇಳಿಯುತ್ತದೆ. ಇದು ಸಣ್ಣ ಕೆಲಸ ಅಲ್ಲ ಅಲ್ವಾ? ಹಾಗಾಗಿ ನಿಮಗೊಂದು ಫೋನೂ ಮಾಡದೆ ಲಾರಿ ವಾಪಸ್ ಕಳಿಸುವ ಅಧಿಕಾರ ಅವರಿಗೆ ಇರಬೇಕು, ಅದನ್ನು ಬರೆದೇ ಕೊಡಿ, ದಲಾಲರಿಗೂ ತಿಳಿಸಿ. ಅಧಿಕಾರ ಇಲ್ಲದ ಹುದ್ದೆ ಕೊಡುವುದಾದರೆ ಸುಮ್ನೆ ಇರುವುದೇ ವಾಸಿ.

ಸಂಬಳ ಮುಟ್ಟಬೇಡಿ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಸಿಗುವ ಇಡಿಗಂಟು, ಲೆಕ್ಕ ಹಾಕುವುದು ಕೊನೆಗೆ ಪಡೆದ ವೇತನದ ಮೇಲೆ, ಸೇವೆಯ ಪ್ರತಿ ವರ್ಷಕ್ಕೆ 15 ದಿನದಂತೆ, ತಿಂಗಳಿಗೆ 26 ದಿನ ಹಿಡಿದು. 40,000 ವೇತನ ಇದ್ದರೆ 22 ವರ್ಷಕ್ಕೆ ಸುಮಾರು 5.08 ಲಕ್ಷ. ಇವತ್ತು 30,000ಕ್ಕೆ ಇಳಿಸಿದರೆ ಅದು 3.81 ಲಕ್ಷಕ್ಕೆ ಬೀಳುತ್ತದೆ. ನಿಮ್ಮ ಅಪ್ಪನ ಕಾಲದ ದುಡಿಮೆಯನ್ನೂ ಸೇರಿಸಿ ಕಡಿದ ಹಾಗೆ.

ಪ್ರಶ್ನೆ: ಹಳೆ ಮ್ಯಾನೇಜರ್ ತಾನಾಗಿಯೇ ರಾಜೀನಾಮೆ ಕೊಡುವಂತೆ ಮಾಡಲು ಉಪಾಯ ಇದೆಯಾ? (ಚಳ್ಳಕೆರೆ)

ಇದಕ್ಕೆ ನಾನು ಉತ್ತರ ಕೊಡುವುದಿಲ್ಲ. ಮತ್ತೆ ಬರೆಯಬೇಡಿ.