ಸಂಘ ವಿದ್ಯಾರ್ಥಿಗಳದು, ಸಂಚಾಲಕರ ಕೆಲಸವೇನು?

ಪ್ರಶ್ನೆ: ಉಡುಪಿಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ನನ್ನನ್ನು ಈ ವರ್ಷ ಯಕ್ಷಗಾನ ಸಂಘದ ಸಂಚಾಲಕನನ್ನಾಗಿ ನೇಮಿಸಿದ್ದಾರೆ. ನನಗೆ ತಾಳವೂ ತಿಳಿಯದು, ಕುಣಿತವೂ ತಿಳಿಯದು. ವಾರ್ಷಿಕ ಪ್ರದರ್ಶನ ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನಲ್ಲಿ ಆಗಬೇಕೆಂದು ಕುಂದಾಪುರದ ಕಡೆಯ ವಿದ್ಯಾರ್ಥಿಗಳೂ, ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಆಗಬೇಕೆಂದು ಮೂಡುಬಿದಿರೆಯ ಕಡೆಯವರೂ ಹಟ ಹಿಡಿದು, ತೀರ್ಮಾನವನ್ನು ನನಗೆ ಬಿಟ್ಟಿದ್ದಾರೆ. ಈ ನಡುವೆ ದಾನಿಗಳು ಕೊಡುವ ಹಣವನ್ನು ಕಾರ್ಯದರ್ಶಿಯಾದ ವಿದ್ಯಾರ್ಥಿ ತನ್ನ ಸ್ವಂತ ಖಾತೆಗೇ ಮೊಬೈಲಿನಲ್ಲಿ ಹಾಕಿಸಿಕೊಳ್ಳುತ್ತಿರುವುದು ಗಮನಕ್ಕೆ ಬಂದಿದೆ. ನಾನು ಎಷ್ಟರಮಟ್ಟಿಗೆ ಮಧ್ಯೆ ಪ್ರವೇಶಿಸಬೇಕು?

ಉತ್ತರ: ಹಣದ ವಿಷಯದಲ್ಲಿ ಇಂದೇ ಪ್ರವೇಶಿಸಿ, ತಿಟ್ಟಿನ ವಿಷಯದಲ್ಲಿ ಬೇಡ.

ಆ ವಿದ್ಯಾರ್ಥಿ ಪ್ರಾಮಾಣಿಕನೇ ಇರಬಹುದು. ಆದರೆ ಅವನ ಕೈಖರ್ಚಿನ ಹಣವೂ ಸಂಘದ ಹಣವೂ ಒಂದೇ ಖಾತೆಯಲ್ಲಿ ಬೆರೆತುಹೋದರೆ, ನಾಳೆ ಯಾರಾದರೂ ಲೆಕ್ಕ ಕೇಳಿದಾಗ ತನ್ನ ಪ್ರಾಮಾಣಿಕತೆಯನ್ನು ತೋರಿಸಿಕೊಡಲು ಅವನ ಬಳಿ ಕಾಗದವೇ ಇರುವುದಿಲ್ಲ. ಪ್ರಾಂಶುಪಾಲರ ಒಪ್ಪಿಗೆ ಪಡೆದು ಸಂಘದ ಹೆಸರಿನಲ್ಲಿ ಜಂಟಿ ಖಾತೆ ತೆರೆಯಿಸಿ, ಈವರೆಗೆ ಬಂದ ಮೊತ್ತವನ್ನು ಅದಕ್ಕೆ ವರ್ಗಾಯಿಸಿ, ಪ್ರತಿಯೊಬ್ಬ ದಾನಿಗೂ ರಸೀದಿ ಕೊಡಿಸಿ. ಹುಡುಗನ ಕೈಯಿಂದ ತೆಗೆದು ನಿಮ್ಮ ಸ್ವಂತ ಖಾತೆಗೆ ಹಾಕಿಕೊಳ್ಳುವುದು ಮಾತ್ರ ಪರಿಹಾರವಲ್ಲ. ವೇಷಭೂಷಣದ ಬಾಡಿಗೆಯನ್ನಾಗಲಿ ಹಿಮ್ಮೇಳದವರ ಸಂಭಾವನೆಯನ್ನಾಗಲಿ ಆಟದ ರಾತ್ರಿ ವೇಷ ಕಟ್ಟುವ ಕೋಣೆಯಾದ ಚೌಕಿಯಲ್ಲೇ ನಗದಾಗಿ ಕೊಡಬೇಕಾಗಿ ಬಂದರೆ, ಸಹಿ ಹಾಕಿಸಿಕೊಳ್ಳಬೇಕಾದ ವೋಚರುಗಳನ್ನು ಖಜಾಂಚಿ ಮೊದಲೇ ಬರೆದಿಟ್ಟುಕೊಂಡಿರಲಿ. ಬಣ್ಣ ಹಚ್ಚುವ ಗಡಿಬಿಡಿಯಲ್ಲಿ ಯಾರಿಗೂ ಲೆಕ್ಕ ನೆನಪಿರುವುದಿಲ್ಲ.

ಇನ್ನು ತಿಟ್ಟಿನ ಜಗಳ. ನಿಮಗೆ ಯಕ್ಷಗಾನ ತಿಳಿಯದಿರುವುದು ಇಲ್ಲಿ ಅನುಕೂಲವೇ ಆಗಿದೆ, ಏಕೆಂದರೆ ನೀವು ಯಾವ ಪಕ್ಷದವರೆಂದು ಯಾರೂ ಬೆರಳು ತೋರಿಸುವಂತಿಲ್ಲ. ಪ್ರೌಢಶಾಲೆಯಲ್ಲಿರುವಾಗಲೇ ಗೆಜ್ಜೆ ಕಟ್ಟಿ ಬಂದ ಮಕ್ಕಳು ಉಡುಪಿಯ ಕಾಲೇಜುಗಳಲ್ಲಿ ವಿರಳರಲ್ಲ. ಕಲೆಯ ತೀರ್ಮಾನವನ್ನು ಅವರೇ ಮಾಡಬಲ್ಲರು. ಎರಡು ತಿಟ್ಟುಗಳಲ್ಲಿ ಚೆಂಡೆ, ವೇಷ, ಕುಣಿತ ಎಲ್ಲವೂ ಬೇರೆಯಾಗಿರುವುದರಿಂದ, ಒಂದೇ ದಿನ ಎರಡನ್ನೂ ಆಡಿಸಿ ಎಲ್ಲರನ್ನೂ ಮೆಚ್ಚಿಸುತ್ತೇವೆಂದು ಹೊರಟರೆ ಖರ್ಚು ಹೆಚ್ಚುತ್ತದೆ, ಅಭ್ಯಾಸದ ಸಮಯ ಹಂಚಿಹೋಗುತ್ತದೆ. ಕಲಿಸುವ ಗುರುಗಳು ಯಾರು, ವೇಷ ಮಾಡುವವರು ಎಷ್ಟು ಮಂದಿ, ಎಷ್ಟು ಖರ್ಚು ಎಂಬುದನ್ನು ಎರಡೂ ಗುಂಪುಗಳು ಬರೆದು ತರಲಿ. ಸದಸ್ಯರ ಸಭೆ ಅದನ್ನು ನೋಡಿ ತೀರ್ಮಾನಿಸಲಿ. ತೀರ್ಮಾನ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಸಭೆಯಲ್ಲಿ ಸೋತ ಗುಂಪಿಗೆ ವರ್ಷವಿಡೀ ಏನು ಕೆಲಸವೆಂಬ ಪ್ರಶ್ನೆಯನ್ನು ನೀವು ಎತ್ತಬಹುದು. ವೇಷವೂ ಕುಣಿತವೂ ಬೇಡದ ತಾಳಮದ್ದಳೆಯ ನೆನಪು ಅವರಲ್ಲೊಬ್ಬರಿಗೆ ಆಗಿಯೇ ಆಗುತ್ತದೆ. ಅದನ್ನು ನೀವೇ ಸೂಚಿಸಿದರೆ ಸಂಚಾಲಕರ ಅಪ್ಪಣೆಯಾಗುತ್ತದೆ, ಅವರೇ ಹೇಳಿದರೆ ಸಂಘದ ಕಾರ್ಯಕ್ರಮವಾಗುತ್ತದೆ.

ನೀವು ಕಟ್ಟುನಿಟ್ಟಾಗಿರಬೇಕಾದ ಇನ್ನೊಂದು ಸಂಗತಿ ಸಮಯ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದನ್ನು ಬಳಸುವಂತಿಲ್ಲ. ಅನುಮತಿಯ ಅರ್ಜಿಯನ್ನು ವಿದ್ಯಾರ್ಥಿಗಳೇ ಬರೆಯಲಿ, ಆದರೆ ಅದು ಸಲ್ಲಿಕೆಯಾಗಿದೆಯೇ ಎಂಬುದನ್ನು ನೀವು ನೋಡಿಕೊಳ್ಳಿ. ಆಟ ಮುಗಿದ ಮೇಲೆ ವಿದ್ಯಾರ್ಥಿನಿಯರು ಮನೆಗೆ ಹೇಗೆ ತಲುಪುತ್ತಾರೆಂಬುದು ವೇಳಾಪಟ್ಟಿ ಬರೆಯುವಾಗಲೇ ನಿರ್ಧಾರವಾಗಿರಲಿ.

ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರಿನ ಮೇಲೆ ಯಾರ ಹೆಸರು ಬರಬೇಕೆಂಬ ಚರ್ಚೆಗೆ ನಮ್ಮ ಜಿಲ್ಲೆಗಳಲ್ಲಿ ಆಡುವ ಕಥಾಪ್ರಸಂಗದ ಆಯ್ಕೆಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅದಕ್ಕೆ ಸಂಚಾಲಕರು ಹಾಜರಿರಬೇಕಾಗಿಲ್ಲ.

ಪ್ರಶ್ನೆ: ನಾನು ಮಂಗಳೂರಿನ ಕಾಲೇಜೊಂದರ ವಿದ್ಯಾರ್ಥಿನಿ. ನಮ್ಮ ವಾಣಿಜ್ಯ ಸಂಘದ ಅಧ್ಯಕ್ಷರನ್ನು ಪ್ರತಿವರ್ಷ ಉಪನ್ಯಾಸಕರೇ ಹೆಸರಿಸುತ್ತಾರೆ, ಅದೂ ಹೆಚ್ಚು ಅಂಕ ಪಡೆದವರನ್ನು. ವಿದ್ಯಾರ್ಥಿ ಚುನಾವಣೆಗಳ ಕುರಿತ ಲಿಂಗ್ಡೊ ಸಮಿತಿಯ ಶಿಫಾರಸುಗಳನ್ನು ಆಧರಿಸಿ ನಾವು ಚುನಾವಣೆ ಕೇಳಬಹುದೇ?

ಉತ್ತರ: ಸುಪ್ರೀಂ ಕೋರ್ಟು 2006ರಲ್ಲಿ ಜಾರಿಗೆ ತರಲು ಆದೇಶಿಸಿದ ಆ ಶಿಫಾರಸುಗಳು ವಿದ್ಯಾರ್ಥಿ ಪ್ರತಿನಿಧಿ ಮಂಡಳಿಗಳ ಚುನಾವಣೆಗೆ ಸಂಬಂಧಿಸಿದವು, ಒಂದು ವಿಭಾಗದ ಸಂಘಕ್ಕೆ ಅವು ಅನ್ವಯಿಸುತ್ತವೆಂದು ಹಕ್ಕು ಸಾಧಿಸುವುದು ಕಷ್ಟ. ಆದರೆ ಚುನಾವಣೆಗೆ ತಕ್ಕ ವಾತಾವರಣವಿಲ್ಲದ ಕಡೆ ನಾಮನಿರ್ದೇಶನವನ್ನು ಒಪ್ಪಿದ ಅದೇ ಸಮಿತಿ, ಆ ಆಯ್ಕೆ ಕೇವಲ ಅಂಕಗಳನ್ನು ಅವಲಂಬಿಸದಿರುವುದು ಒಳ್ಳೆಯದೆಂದೂ ಹೇಳಿದೆ. ನಿಮ್ಮ ಮನವಿಯಲ್ಲಿ ಈ ಮಾತನ್ನು ಉಲ್ಲೇಖಿಸಿ, ಪ್ರತಿ ತರಗತಿಯಿಂದ ಇಬ್ಬರನ್ನು ಸಹಪಾಠಿಗಳೇ ಆರಿಸಿ, ಹಾಗೆ ಆಯ್ಕೆಯಾದವರು ತಮ್ಮೊಳಗೆ ಅಧ್ಯಕ್ಷರನ್ನು ಆರಿಸುವ ಕ್ರಮವನ್ನು ಸೂಚಿಸಿ. ಚುನಾವಣೆ ಎಂದೊಡನೆ ಹೊರಗಿನ ಪಕ್ಷಗಳ ಬಾವುಟಗಳು ಕಣ್ಮುಂದೆ ಬರುವ ಉಪನ್ಯಾಸಕರಿಗೂ ಇದರಿಂದ ಅಂಜಿಕೆಯಾಗದು. ಮನವಿಯನ್ನು ಶೈಕ್ಷಣಿಕ ವರ್ಷದ ಆರಂಭದಲ್ಲೇ ಲಿಖಿತವಾಗಿ ಕೊಡಿ. ಪದಾಧಿಕಾರಿಗಳ ಪಟ್ಟಿ ಪ್ರಕಟವಾದ ಮೇಲೆ ಅದನ್ನು ಬದಲಾಯಿಸಲು ಯಾವ ಸಂಚಾಲಕರೂ ಸುಲಭವಾಗಿ ಒಪ್ಪುವುದಿಲ್ಲ.